ನಮಗಿಂತ ಮೊದಲು ಹೊರಟ ಚೀಲ

ದೇವದುರ್ಗದ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದವನಿಗೆ ದಾರಿ ತೋರಿಸುವವರು ಯಾರಿದ್ದಾರೆ ಎಂಬ ಜಂಬ ನನಗಿತ್ತು. ಅರಬ್ಬೀ ಸಮುದ್ರ ಯಾವ ದಿಕ್ಕಿಗಿದೆ ಎಂದು ಕೇಳಿ, ತಪ್ಪು ಹೇಳಿದವರ ಕಿವಿ ಹಿಂಡಿದ ಕೈ ಇದು!

ಮುಂಬೈಯಲ್ಲಿ ನಂಟರ ಮದುವೆ ಮುಗಿದ ಮಧ್ಯಾಹ್ನ ಹೆಂಡತಿ ಈರಮ್ಮನಿಗೆ, "ನಡಿ, ಸಮುದ್ರ ತೋರಸ್ತೀನಿ" ಎಂದೆ. ಅಂದೇ ರಾತ್ರಿ ರಾಯಚೂರಿಗೆ ನಮ್ಮ ರೈಲು. ಅವಳು ಮಾನ್ವಿಯ ಮನೆಯಿಂದಲೇ ತಯಾರಾಗಿ ಬಂದಿದ್ದಳು. ಚೀಲದಲ್ಲಿ ಕುಪ್ಪಸದ ಖಣ, ತೆಂಗಿನಕಾಯಿ, ಅರಿಶಿನ, ಕುಂಕುಮ. ಕೃಷ್ಣೆಗೂ ತುಂಗಭದ್ರೆಗೂ ಉಡಿ ತುಂಬಿದವಳಿಗೆ ಅವು ಹೋಗಿ ಸೇರುವ ದೊಡ್ಡ ಗಂಗವ್ವನಿಗೂ ಒಮ್ಮೆ ಉಡಿ ತುಂಬುವ ಆಸೆ. ಅವು ಸೇರುವುದು ಬೇರೆ ಸಮುದ್ರ ಎಂದು ಪಾಠ ಮಾಡಿದೆ. "ನೀರು ನೀರೇರಿ, ಸುಮ್ನಿರ್ರಿ" ಎಂದಳು.

ಆ ಆಸೆ ಹಚ್ಚಿದವನೂ ನಾನೇ. ಹನ್ನೆರಡರ ವಯಸ್ಸಿನಲ್ಲಿ ಒಂದು ಬೇಸಿಗೆ ರಜೆಗೆ, ಮುಂಬೈಯಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಸೋದರಮಾವನ ಹತ್ತಿರ ಹೋಗಿದ್ದೆ. ಪ್ರತಿ ರವಿವಾರ ಮಾವ ಲೋಕಲ್ ರೈಲಿನಿಂದ ಇಳಿಸಿ, ಎರಡಂತಸ್ತಿನ ಬಸ್ಸಿನ ಮೇಲೆ, ಮುಂದಿನ ಸೀಟಿನಲ್ಲೇ ಕೂರಿಸಿ ಸಮುದ್ರಕ್ಕೆ ಒಯ್ಯುತ್ತಿದ್ದ. ಮುಕ್ಕಾಲು ಗಂಟೆ ರಾಜನ ಹಾಗೆ ಊರು ನೋಡುತ್ತಿದ್ದೆ. ಮಾವ ಈಗಿಲ್ಲ. ಆ ಬಸ್ಸಿನ ಕಥೆಯನ್ನು ಈರಮ್ಮನಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಅದೇ ಸ್ಟೇಷನ್ನಿನಲ್ಲಿ ಇಳಿದೆವು. ಈರಮ್ಮ, "ಯಾರನ್ನಾರ ಕೇಳೂಣ್ರಿ" ಎಂದಳು.

"ನನ್ನನ್ನ ಕೇಳು!" ಎಂದೆ.

ಪೂರ್ವದ ಬಾಗಿಲಿನಿಂದ ಹೊರಬಂದರೆ ಬಸ್ಸು ನಿಂತಿತ್ತು. ಎರಡಂತಸ್ತು ಹೋಗಿತ್ತು, ನಂಬರು ಮಾತ್ರ ಹಳೆಯದೇ! ಬಾಗಿಲಲ್ಲಿ ಜನಜಂಗುಳಿ. ರಾಯಚೂರು ಬಸ್‌ಸ್ಟ್ಯಾಂಡಿನ ಕಾಯ್ದೆ ಎಲ್ಲರಿಗೂ ಗೊತ್ತು: ಕಿಟಕಿಯಿಂದ ಟವೆಲ್ಲೋ ಚೀಲವೋ ಒಗೆದರೆ ಸೀಟು ನಮ್ಮದು, ಆಮೇಲೆ ಆರಾಮಾಗಿ ಹತ್ತಬಹುದು. ಅವಳ ಕೈಯಿಂದ ಚೀಲ ಕಸಿದು ಕಿಟಕಿಯೊಳಗೆ ಒಗೆದೆ. ಗುರಿ ತಪ್ಪಲಿಲ್ಲ.

ಬಾಗಿಲು ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು. ಬಸ್ಸು ಹೊರಟಿತು. ನಮ್ಮ ಚೀಲಕ್ಕೆ ಸೀಟು ಸಿಕ್ಕಿತ್ತು!

"ಅಯ್ಯ ನಿಮ್ಮ! ನನ್ನ ಉಡಿ ಸಾಮಾನ್ರೀ ಅದು!" ಈರಮ್ಮ ಕೂಗಿದಳು. "ಹೊತ್ತು ಮುಳುಗಿದ ಮ್ಯಾಲ ತುಂಬಾಕ ಬರಂಗಿಲ್ಲ!"

ಟ್ಯಾಕ್ಸಿ ಹಿಡಿದು, ನಮ್ಮ ರಾಯಚೂರು ಹಿಂದಿಯಲ್ಲಿ "ಉಸ್ ಬಸ್ ಕು ಪಕಡೋ ಭಾಯ್" ಎಂದೆ. ಬಸ್ಸು ಸಿಗ್ನಲ್ ದಾಟಿತು, ನಾವು ನಿಂತೆವು. ಬಸ್ಸು ಮೇಲ್ಸೇತುವೆ ಏರಿತು, ನಾವು ಲಾರಿಯ ಹಿಂದೆ ಸಿಕ್ಕಿಕೊಂಡೆವು. ಸೂರ್ಯ ಇಳಿಯುತ್ತಲೇ ಇದ್ದ. ಈರಮ್ಮ ಬೈಯುವುದನ್ನೂ ನಿಲ್ಲಿಸಿದಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಅಂತೂ ಕೊನೆಯ ಸ್ಟಾಪಿಗೆ ಮುಟ್ಟಿದೆವು. ನಮ್ಮ ಚೀಲವನ್ನು ಕಂಡಕ್ಟರು ಒಬ್ಬ ಹೂವಿನಾಕೆಯ ಹತ್ತಿರ ಬಿಟ್ಟು ಹೋಗಿದ್ದ. ಎದುರಿಗೇ ಸಮುದ್ರ! ಈರಮ್ಮ ಚೀಲ ಎತ್ತಿಕೊಂಡವಳೇ ಓಡಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಉಡಿ ತುಂಬಿದಳು. ಕಾಯಿ ತೇಲಿ ಹೋಗುವಾಗ ಸೂರ್ಯನ ಅಂಚು ಇನ್ನೂ ಉಳಿದಿತ್ತು. ಅವಳ ಕಣ್ಣು ಒದ್ದೆಯಾಗಿದ್ದವು. ನನ್ನವೂ.

ತಿರುಗಿ ಬರುವಾಗ ಅವಳು ಗಕ್ಕನೆ ನಿಂತಳು. "ಅಲ್ರೀ, ಅದು ನಾವು ಇಳಿದ ಟೇಸನ್ ಅಲ್ಲೇನು?"

ನಮ್ಮ ಕನ್ನಡ ಕೇಳಿ ಹೂವಿನಾಕೆ ನಕ್ಕಳು. "ಹೌದ್ಯವ್ವಾ, ಅದೇ. ಆ ಕಡಿ, ಪೂರ್ವದ ಬಾಗಿಲದಾಗ ಇಳಿದ್ರೇನು? ಈ ಕಡಿ ಇಳಿದಿದ್ರ ಎರಡು ನಿಮಿಷದ ಹಾದಿ. ಬಸ್ಸು ಊರೆಲ್ಲಾ ಸುತ್ತಿ ಇಲ್ಲಿಗೇ ಬರ್ತದ. ನಂದೂ ಮಾನ್ವಿ ಕಡಿ ಮಲ್ಲಟ. ಮೊದ್ಲೇ ಕೇಳಬಾರ್ದೇನ್ರಿ?"

ನನಗೆ ಮಾವನ ಮುಖ ನೆನಪಾಯಿತು. ಬಸ್ಸಿನಲ್ಲಿ ಅವನು ಊರು ನೋಡುತ್ತಲೇ ಇರಲಿಲ್ಲ, ನನ್ನನ್ನೇ ನೋಡಿ ನಗುತ್ತಿದ್ದ. ವಾರವಿಡೀ ಗಾರೆ ಹೊತ್ತವನು, ಎರಡು ನಿಮಿಷದ ಹಾದಿಗೆ ಮುಕ್ಕಾಲು ಗಂಟೆ ಸುತ್ತಿದ್ದು ನನ್ನ ಖುಷಿಗಾಗಿ. ಇಷ್ಟು ವರ್ಷ ಅದು ನನಗೆ ಹೊಳೆದೇ ಇರಲಿಲ್ಲ.

"ಹನ್ನೆರಡು ವರ್ಷದ ಹುಡುಗನ್ನ ನಿಮ್ಮ ಮಾವ ಸುತ್ತಿಸಿದ್ರು. ಅರವತ್ತರ ಮುದುಕನ್ನ ಯಾರು ಸುತ್ತಿಸಿದ್ರು?" ಎಂದಳು ಈರಮ್ಮ. ಆಮೇಲೆ ಸೂರ್ಯ ಮುಳುಗಿದ ಕಡೆ ಬೆರಳು ತೋರಿಸಿ, "ಮಾಸ್ತರ್ರೇ, ಅರಬ್ಬೀ ಸಮುದ್ರ ಯಾವ ದಿಕ್ಕಿಗದ?"

"ಪಶ್ಚಿಮಕ್ಕ" ಎಂದೆ, ನನ್ನ ಕಿವಿಯನ್ನು ನಾನೇ ಹಿಂಡಿಕೊಳ್ಳುತ್ತ.