ಕೋಣದ ಮೇಲೆ ಅತ್ತೆ, ಗರಾಜಿನಲ್ಲಿ ಈರುಳ್ಳಿ

ಸುದ್ದಿ ಬಂದಾಗ ನಾನು ಈರುಳ್ಳಿಯನ್ನು ಗಡೀಪಾರು ಮಾಡುತ್ತಿದ್ದೆ. ನೆಂಟರು ಬರುತ್ತಾರೆಂದರೆ ಕೆಲವರು ಪರದೆ ಬದಲಾಯಿಸುತ್ತಾರೆ, ಕೆಲವರು ಸೋಫಾದ ಅಡಿಯ ಕಸವನ್ನು ಇನ್ನೂ ಸ್ವಲ್ಪ ಒಳಗೆ ತಳ್ಳುತ್ತಾರೆ. ನಮ್ಮ ಮನೆಗೆ ಅತ್ತೆ ಬರುತ್ತಾರೆಂದರೆ ಈರುಳ್ಳಿ, ಬೆಳ್ಳುಳ್ಳಿ ಅಡುಗೆಮನೆ ಬಿಟ್ಟು ಹೊರಡುತ್ತವೆ. ಪರದೇಶದ ಈ ಕ್ಯಾಂಪ್‌ಬೆಲ್ಲಿನಲ್ಲಿರುವ ನಮ್ಮ ಹಳೆಯ ಮನೆಯಲ್ಲಿ ಅವಕ್ಕೆ ಗೊತ್ತಾದ ಜಾಗವಿದೆ. ಈರುಳ್ಳಿ ಚೀಲ ಗರಾಜಿನಲ್ಲಿ, ನೀರು ಕಾಯಿಸುವ ಡ್ರಮ್ಮಿನ ಹಿಂದೆ. ಬೆಳ್ಳುಳ್ಳಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ, ಆ ಡಬ್ಬಿ ದೀಪಾವಳಿಯ ಸರದೀಪಗಳ ಪೆಟ್ಟಿಗೆಯ ಅಡಿಯಲ್ಲಿ. ಆಮೇಲೆ ಮಿಕ್ಸಿಯ ಜಾರನ್ನು ನಿಂಬೆಸಿಪ್ಪೆ ಹಾಕಿ ಮೂರು ಸಲ ತೊಳೆಯುವುದು, ಫ್ರಿಜ್ಜಿನ ಮೂಲೆಗಳಿಗೆ ಮೂಗಿಟ್ಟು ನೋಡುವುದು, ಚಾಕುಗಳನ್ನು ಕುದಿಯುವ ನೀರಿನಲ್ಲಿ ಅದ್ದುವುದು. ನೋಡಿದವರಿಗೆ ಹೆರಿಗೆ ಮಾಡಿಸಲು ಹೊರಟ ಹಾಗೆ ಕಾಣುತ್ತದೆ.

ನಾನು ಮೈಸೂರಿನ ಕಡೆಯವಳು. ನಮ್ಮ ಅಮ್ಮನ ಮನೆಯಲ್ಲಿ ಈರುಳ್ಳಿ ಹುಳಿ ಮಾಡಿದ ದಿನ ಅಕ್ಕಪಕ್ಕದ ಮನೆಯವರು ಏನಾದರೊಂದು ನೆಪ ಮಾಡಿಕೊಂಡು ಬಂದುಬಿಡುತ್ತಿದ್ದರು. ಅಂಥವಳು ಉಡುಪಿಯ ಮಡಿವಂತರ ಮನೆಗೆ ಸೊಸೆಯಾಗಿ ಹೋದೆ. ಮದುವೆಯಾದ ಮರುದಿನ ಅತ್ತೆ ನನ್ನ ಕೈಗೆ ಸೌಟು ಕೊಡುವ ಮೊದಲು ಗಾಳಿಯನ್ನೊಮ್ಮೆ ಮೂಸಿದರು. ಆ ಮೂಸಿದ ಸದ್ದು ಇಪ್ಪತ್ತಮೂರು ವರ್ಷಗಳಾದರೂ ನನ್ನ ಕಿವಿಯಲ್ಲಿದೆ. ಅವರು ಒಂದು ದಿನವೂ ನನ್ನನ್ನು ಬೈದವರಲ್ಲ. ಬೈದಿದ್ದರೆ ನಾನೂ ಎದುರಾಡಿ ನೆಮ್ಮದಿಯಾಗಿರುತ್ತಿದ್ದೆ. ಸುಮ್ಮನೆ ಮೂಸಿ, ಸುಮ್ಮನೆ ಇದ್ದುಬಿಡುವವರ ಹತ್ತಿರ ಏನು ಮಾಡಲು ಸಾಧ್ಯ? ಅವರು ಇಲ್ಲಿಗೆ ಎರಡು ಸಲ ಬಂದು ಆರಾರು ತಿಂಗಳು ಇದ್ದು ಹೋಗಿದ್ದಾರೆ. ಎರಡು ಸಲವೂ ನನ್ನ ಗುಟ್ಟು ಅವರಿಗೆ ಗೊತ್ತಾಗಲಿಲ್ಲ. ಅದನ್ನು ನಾನು ದೇವರ ದಯೆಯ ಪಟ್ಟಿಯಲ್ಲಿ ಮೇಲುಗಡೆಯೇ ಇಟ್ಟುಕೊಂಡಿದ್ದೇನೆ.

ಈ ಸಲ ಬರುವ ಶನಿವಾರ ನಮ್ಮ ಮನೆಯಲ್ಲಿ ವಿಷ್ಣು ಸಹಸ್ರನಾಮ ಪಾರಾಯಣ. ಸುತ್ತಮುತ್ತಲಿನ ಊರುಗಳಾದ ಡಬ್ಲಿನ್ನಿನಿಂದ, ಹೇವರ್ಡಿನಿಂದ ಹೆಂಗಸರು ಬರುವವರಿದ್ದರು. ಅವರೆದುರು ನಾನು ಅತ್ತೆಯನ್ನು ಬೇಕಾದಷ್ಟು ಹೊಗಳಿಟ್ಟಿದ್ದೆ. "ನಮ್ಮ ಅತ್ತೆಯ ಮಡಿ ಅಂದರೆ ಮಡಿ. ಪರವೂರಿನ ನೀರನ್ನೂ ಮುಟ್ಟೋದಿಲ್ಲ. ನೈವೇದ್ಯ ಅವರ ಕೈಯಲ್ಲೇ ಆಗಬೇಕು" ಎಂದೆಲ್ಲ ಹೇಳಿದ್ದೆ. ನಿಜ ಹೇಳಬೇಕೆಂದರೆ ಆ ಗುಂಪಿನಲ್ಲಿ ನನಗಿದ್ದ ಮರ್ಯಾದೆಯೆಲ್ಲ ಅತ್ತೆಯಿಂದ ಕಡ ತಂದದ್ದು.

ನನ್ನ ನಾದಿನಿ ವಸುಧಾ ಬೆಂಗಳೂರಿನಲ್ಲಿದ್ದಾಳೆ. ಅತ್ತೆ ಇರುವುದು ಅವಳ ಜೊತೆ. ಈ ಸಲ ಅವಳು, "ಅತ್ತಿಗೆ, ಹೇಗೂ ವಿಯೆಟ್ನಾಮಿನಲ್ಲಿ ವಿಮಾನ ಬದಲಾಯಿಸಬೇಕು. ನಾನೂ ಅಲ್ಲಿಯವರೆಗೆ ಬಂದು ಅಮ್ಮನಿಗೆ ನಾಲ್ಕು ದಿನ ಊರು ತೋರಿಸಿ ಹತ್ತಿಸಿ ಕಳಿಸ್ತೀನಿ" ಅಂದಳು. ಒಂದು ದಿನ ಹಳ್ಳಿ ನೋಡುವ ಪ್ರವಾಸವೂ ಇದೆ, ಅಲ್ಲಿ ಎಲ್ಲವನ್ನೂ ನಾವೇ ಕೈಯಾರೆ ಮಾಡಬೇಕು ಅಂದಳು. ನಾನು ಅತ್ತೆಯನ್ನು ತಣ್ಣನೆಯ ವ್ಯಾನಿನೊಳಗೆ ಕೂರಿಸಿಕೊಂಡೇ ಕಲ್ಪಿಸಿಕೊಂಡೆ. ತೊಡೆಯ ಮೇಲೆ ಅವಲಕ್ಕಿಯ ಡಬ್ಬಿ, ಕೈಯಲ್ಲಿ ಜಪಮಣಿ, ಕಿಟಕಿಯಾಚೆ ಹಳ್ಳಿ. ಕೈಯಾರೆ ಮಾಡುವುದೆಂದರೆ ಕೈಮುಗಿಯುವುದಿರಬಹುದು ಎಂದುಕೊಂಡು ಸುಮ್ಮನಾದೆ.

ಚೀಲ ಎಳೆದುಕೊಂಡು ಗರಾಜಿನ ಬಾಗಿಲವರೆಗೆ ಬಂದಿದ್ದೆ. ಫೋನು ಸದ್ದು ಮಾಡಿತು. ನಮ್ಮದು ಸಂಜೆಯ ದೀಪ ಹಚ್ಚುವ ಹೊತ್ತು, ಅವರದು ಮರುದಿನದ ಬೆಳಗು. ಮೊದಲ ಫೋಟೋದಲ್ಲಿ ಯಾರೋ ಒಬ್ಬರು ಮೊರವನ್ನು ಮಡಚಿ ಚೂಪು ಮಾಡಿದಂಥ ಹುಲ್ಲಿನ ಟೋಪಿ ಹಾಕಿಕೊಂಡು ನಗುತ್ತಿದ್ದರು. ಪರವಾಗಿಲ್ಲ, ಯಾರೋ ಆ ಊರಿನ ಅಜ್ಜಿ ಎಂದುಕೊಂಡೆ. ಆಮೇಲೆ ಮೂಗುತಿ ಗುರುತು ಹಿಡಿದೆ. ಅತ್ತೆ! ಆ ಎಡಗಡೆಯ ಮೂಗುತಿ ನಮ್ಮ ಮನೆತನದ್ದು. ಸರಿ, ಬಿಸಿಲಿಗೆ ಟೋಪಿ ಹಾಕಿದರೆ ಅದೇನು ಪಾಪವೇ? ದೇವರು ದೊಡ್ಡವನು, ತಲೆ ಕಾದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಎರಡನೆಯದು ಬಂತು. ಅತ್ತೆ ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಚ್ಚೆ ಕಟ್ಟಿದ್ದಾರೆ. ಇಪ್ಪತ್ತಮೂರು ವರ್ಷಗಳಲ್ಲಿ ನಾನು ಅವರ ಹಿಮ್ಮಡಿಗಿಂತ ಮೇಲಿನದನ್ನು ನೋಡಿರಲಿಲ್ಲ. ಈಗ ಮೊಣಕಾಲಿನವರೆಗೆ ಕೆಸರು! ಕೈಯಲ್ಲಿ ಭತ್ತದ ಸಸಿಯ ಕಟ್ಟು.

ನಾನು ಚೀಲದ ಮೇಲೆಯೇ ಕುಳಿತುಬಿಟ್ಟೆ. ಮೂರನೆಯ ಫೋಟೋಗೆ ಎದ್ದುಬಿಟ್ಟೆ. ಅತ್ತೆ ಕೋಣದ ಮೇಲೆ ಕುಳಿತಿದ್ದರು! ಒಂದು ಕಡೆಗೆ ಕಾಲು ಇಳಿಬಿಟ್ಟು, ಸ್ಕೂಟರಿನ ಹಿಂದೆ ಕೂತ ಹಾಗೆ. ಕೋಣವೆಂದರೆ ಯಾರ ವಾಹನವೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಎಪ್ಪತ್ತಮೂರು ವರ್ಷದವರು, ಪ್ರಾಯಶಃ ಇನ್ನು ಹತ್ತು ಹದಿನೈದು ವರ್ಷವಾದ ಮೇಲೆ ತಾನಾಗಿಯೇ ಮನೆಬಾಗಿಲಿಗೆ ಬರುವ ಪ್ರಾಣಿಯನ್ನು, ದುಡ್ಡು ಕೊಟ್ಟು ಪರದೇಶಕ್ಕೆ ಹೋಗಿ ಹತ್ತುವುದೇ? ಕೃಷ್ಣಾ ಎಂದು ಎದೆ ನೀವಿಕೊಂಡೆ. ಒಂದೇ ಸಮಾಧಾನವೆಂದರೆ ಕೋಣ ನಿಂತಿತ್ತು.

"ರೀ, ಬನ್ನಿ ಇಲ್ಲಿ! ನಿಮ್ಮ ಅಮ್ಮನ್ನ ನೋಡಿ!" ಎಂದು ಕೂಗಿದೆ. ಇವರು ಮೀಟಿಂಗಿನಿಂದ ಎದ್ದು ಬರುವಷ್ಟರಲ್ಲಿ ನಾಲ್ಕನೆಯ ಫೋಟೋ ಬಂದಿತ್ತು. ಅದರ ಬಗ್ಗೆ ಹೇಗೆ ಬರೆಯಲಿ? ಅತ್ತೆಯ ಬಲಗೈಯಲ್ಲಿ, ತುಳಸಿ ಕೊಯ್ಯುವ ಆ ಕೈಯಲ್ಲಿ, ಏನೋ ಉದ್ದಕ್ಕೆ ಬೆಳ್ಳಗೆ ಹೊಳೆಯುತ್ತಿತ್ತು.

ಇವರು ಕನ್ನಡಕ ಹಣೆಗೇರಿಸಿ, ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಅಲ್ಲಿಯ ಸೌತೆಕಾಯಿ ಇರಬಹುದು ಕಣೇ" ಅಂದರು.

"ಸೌತೆಕಾಯಿಗೆ ಕಣ್ಣಿರುತ್ತಾ? ಬಾಯಿ ಬೇರೆ ತೆರೆದಿದೆ!"

ಮಗಳು ತನ್ವಿ ಹಿಂದಿನಿಂದ ಇಣುಕಿದಳು. ಅವಳಿಗೆ ಹದಿನೈದು. ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಆದರೆ ತಿರುಗಿ ಬರುವುದು ಇಂಗ್ಲಿಷು. "ಓ ಮೈ ಗಾಡ್, ಅಜ್ಜಿ ಕಾಟ್ ಎ ಫಿಶ್! ವಿತ್ ಹರ್ ಹ್ಯಾಂಡ್ಸ್! ಶಿ ಈಸ್ ಸೋ ಕೂಲ್!" ಎಂದು ಕುಣಿದಳು. ಮನೆಯಲ್ಲಿ ಆ ಶಬ್ದವನ್ನು ಯಾರೂ ಅಲ್ಲಿಯವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಹೇಳಿಬಿಟ್ಟಳು.

ಫೋನು ಮಾಡಿದೆ, ಸಿಗಲಿಲ್ಲ. ಮತ್ತೆ ಮಾಡಿದೆ. ಗದ್ದೆಯ ನಡುವೆ ಸಿಗ್ನಲ್ಲು ಇರಲಿಲ್ಲವೋ ಏನೋ. ಮುಕ್ಕಾಲು ಗಂಟೆ ನನ್ನ ತಲೆಯೊಳಗೆ ಆ ಮೀನು ಈಜಾಡಿತು. ಹಿಡಿದ ಮೇಲೆ ಏನು ಮಾಡುತ್ತಾರೆ? ಆ ಪ್ರವಾಸದಲ್ಲಿ ಕೈಯಾರೆ ಮಾಡುವುದು ಎಲ್ಲಿಯವರೆಗೆ? ದೇವರೆದುರು ನಿಂತು, ಅದು ಒಲೆಯವರೆಗೆ ಹೋಗದೆ ಇದ್ದರೆ ದೇವಸ್ಥಾನಕ್ಕೆ ನಲವತ್ತೆಂಟು ಪ್ರದಕ್ಷಿಣೆ ಬರುತ್ತೇನೆ ಎಂದು ಹರಕೆ ಹೊತ್ತೆ. ಹೊತ್ತ ಮೇಲೆ, ಭಕ್ತಿಯ ಜೊತೆಜೊತೆಗೇ ಸಿಟ್ಟೂ ಬಂತು. ಇಪ್ಪತ್ತಮೂರು ವರ್ಷ! ಅತ್ತೆ ಇದ್ದಾಗಲೆಲ್ಲ ಈರುಳ್ಳಿಯಿಲ್ಲದ ಸಾಂಬಾರು, ಈರುಳ್ಳಿಯಿಲ್ಲದ ಉಪ್ಪಿಟ್ಟು, ಬಾಣಂತನದಲ್ಲಿ ಬೆಳ್ಳುಳ್ಳಿ ತಿನ್ನು ಎಂದು ನಮ್ಮಮ್ಮ ಗೋಗರೆದರೂ ತಿನ್ನದೆ ಇದ್ದದ್ದು. ಈಕೆ ಕೆಸರಿನಲ್ಲಿ ಮೀನು ಹಿಡಿಯುವುದಾದರೆ ನಾನು ಯಾರಿಗಾಗಿ ಆ ಮಿಕ್ಸಿಯ ಜಾರನ್ನು ಮೂರು ಸಲ ತೊಳೆದೆ? ಶನಿವಾರ ಆ ಕೈಯಿಂದ ಪ್ರಸಾದ ತೆಗೆದುಕೊಳ್ಳುವ ಹೆಂಗಸರಿಗೆ ಏನು ಹೇಳಲಿ?

ಕೊನೆಗೆ ವಸುಧಾಳೇ ವಿಡಿಯೋ ಕಾಲ್ ಮಾಡಿದಳು. ಪರದೆಯ ತುಂಬ ಅತ್ತೆ. ಕೆನ್ನೆಯ ಮೇಲೆ ಒಣಗಿದ ಕೆಸರಿನ ಗೆರೆ.

"ಎಂತ ಗಿರಿಜಾ, ದೆವ್ವ ನೋಡಿದ ಹಾಗೆ ಮಾಡಿದ್ದೀಯಲ್ಲ?"

"ಅತ್ತೆ, ನಿಮ್ಮ ಕೈಯಲ್ಲಿ... ಅದು..."

"ಮೀನು. ಹೆಸರು ಹೇಳ್ಲಿಕ್ಕೂ ಆಗುದಿಲ್ವಾ ನಿಂಗೆ? ದೇವರು ಮೊದಲು ಎತ್ತಿದ ಅವತಾರ ಅದೇ ಅಲ್ವಾ ಮಾರಾಯ್ತಿ."

ಆಮೇಲೆ ಅವರು ವಿವರಿಸಿದರು. ಅಲ್ಲಿಯವರ ಹತ್ತಿರ ತಳವಿಲ್ಲದ ಒಂದು ಬುಟ್ಟಿ ಇರುತ್ತದಂತೆ. ಕೆಸರುನೀರಿನಲ್ಲಿ ಅದನ್ನು ದಬಕ್ಕನೆ ಊರಿ, ಮೇಲಿನ ಬಾಯಿಯಿಂದ ಕೈ ಹಾಕಿದರೆ ಒಳಗೆ ಸಿಕ್ಕಿಕೊಂಡ ಮೀನು ಸಿಗುತ್ತದಂತೆ. ದಾರಿ ತೋರಿಸಲು ಬಂದ ಹೆಂಗಸು ಮಾಡಿ ತೋರಿಸಿದಳಂತೆ. "ಜೊತೆಗೆ ಬಂದ ಉಳಿದವರಿಗೆ ಒಂದೂ ಸಿಗ್ಲಿಲ್ಲ. ನಂಗೆ ಆರು ಸಿಕ್ತು. ಆರೂ ಬಿಟ್ಟೆ. ಹಿಡಿದ ಪಾಪ ಬಿಟ್ಟ ಪುಣ್ಯಕ್ಕೆ ವಜಾ ಆಯ್ತು."

ಹಿಂದಿನಿಂದ ವಸುಧಾ, "ಅತ್ತಿಗೆ, ಆ ಆರೂ ಉಳಿದವರ ಮಧ್ಯಾಹ್ನದ ಊಟ ಆಗಬೇಕಿತ್ತು! ಅಮ್ಮ ಒಂದೊಂದನ್ನೇ ನಾರಾಯಣ ನಾರಾಯಣ ಅಂತ ನೀರಿಗೆ ಬಿಡ್ತಿದ್ರೆ ಒಬ್ಬ ಜರ್ಮನಿಯವನ ಮುಖ ನೋಡಬೇಕಿತ್ತು ನೀವು!" ಎಂದು ಕೂಗಿದಳು.

ನನ್ನ ಹೋದ ಜೀವ ಬಂತು. ನಲವತ್ತೆಂಟು ಪ್ರದಕ್ಷಿಣೆ ತಲೆಯ ಮೇಲೆ ಬಂತು. "ಮತ್ತೆ ಊಟಕ್ಕೆ ಏನು ಮಾಡ್ತೀರಿ ಅತ್ತೆ?" ಎಂದೆ.

"ನಂದೇ ಅವಲಕ್ಕಿ. ಇಲ್ಲಿಯವರು ಅಕ್ಕಿ ಬೀಸಿ ತೆಳ್ಳಗೆ ಬಟ್ಟೆ ಮೇಲೆ ಹೊಯ್ದು ಹಬೆಲಿ ಬೇಯಿಸ್ತಾರೆ. ನಮ್ಮ ನೀರುದೋಸೆಯ ತಂಗಿ ಅಂತ ಹೇಳು. ಬೀಸುವ ಕಲ್ಲು ನಾನೇ ತಿರುಗಿಸಿದೆ. ಆ ಹೆಂಗಸು ನೀರು ಜಾಸ್ತಿ ಹಾಕ್ತಾಳೆ, ತಿದ್ದಿ ಕೊಟ್ಟೆ."

"ಯಾವ ಭಾಷೆಯಲ್ಲಿ?"

"ಹಿಟ್ಟಿಗೆ ಎಂತ ಭಾಷೆ?"

ನಾನು ಧೈರ್ಯ ಮಾಡಿ, "ಆದ್ರೂ ಅತ್ತೆ, ಆ ಕೆಸರಲ್ಲಿ ಇಳಿದದ್ದು..." ಎಂದೆ. ಅವರು ಕೆನ್ನೆಯ ಮೇಲಿನ ಕೆಸರನ್ನು ಉಗುರಿನಿಂದ ಕೆರೆದರು. ಕೋಳಿ ಕೂಗುವುದು ಕೇಳಿಸಿತು. ಆಮೇಲೆ ಹೇಳಿದರು.

"ನಂಗೆ ಆಗ ಎಂಟು ವರ್ಷ. ನಮ್ಮ ಗದ್ದೆಯಲ್ಲಿ ಭತ್ತದ ನೇಜಿ ನೆಡ್ತಿದ್ರು. ಹೆಂಗಸರೆಲ್ಲ ಸಾಲಾಗಿ ಬಗ್ಗಿ ಹಾಡ್ತಾ, ನಗ್ತಾ. ನಾನು ಬದುವಿನ ಮೇಲೆ ನಿಂತು ನೋಡುದು. ಒಂದು ದಿನ ಆಸೆ ತಡೆಯದೆ ಒಂದು ಕಾಲು ಇಟ್ಟೆ. ಒಂದೇ ಕಾಲು. ಅಮ್ಮ ರಟ್ಟೆ ಹಿಡಿದು ಎಳೆದು ಬಾವಿಕಟ್ಟೆಲಿ ನಿಲ್ಸಿ ಕೊಡಗಟ್ಟಲೆ ನೀರು ಹೊಯ್ದ್ರು. ನಮ್ಮದೇ ಗದ್ದೆ, ಉಣ್ಣುದು ಅದೇ ಅಕ್ಕಿ. ಕಾಲಿಡ್ಲಿಕ್ಕೆ ಮಾತ್ರ ಇಲ್ಲ. ಇಲ್ಲಿ ಈ ಹೆಂಗಸು ಎಂತದೋ ಹೇಳಿ ಕೈ ಹಿಡಿದು ಕರೆದ್ಲು. ಹೋದೆ. ಇನ್ನೊಂದು ಕಾಲೂ ಇಟ್ಟೆ."

ಇವರು ಕನ್ನಡಕ ತೆಗೆದು ಒರೆಸತೊಡಗಿದರು. ಅದು ಅತ್ತೆಗೆ ಹಿಡಿಸಲಿಲ್ಲವೆಂದು ಕಾಣುತ್ತದೆ. "ಆಯ್ತು, ಮಿಂದರೆ ಹೋಗ್ತದೆ ಕೆಸರು. ಶನಿವಾರ ನೈವೇದ್ಯದ ಹಯಗ್ರೀವ ನಾನೇ ಮಾಡ್ತೇನೆ, ಕಡಲೆಬೇಳೆ ತಂದಿಡು. ಮತ್ತೊಂದು ವಿಷಯ. ಗರಾಜಲ್ಲಿ ಆ ಡ್ರಮ್ಮಿನ ಹಿಂದೆ ಈರುಳ್ಳಿ ಇಡ್ತೀಯಲ್ಲ, ಈ ಸಲ ಅಲ್ಲಿ ಇಡಬೇಡ. ಬಿಸಿಗೆ ಮೊಳಕೆ ಬರ್ತದೆ" ಅಂದರು.

ಟೋಪಿಗೆ, ಕಚ್ಚೆಗೆ, ಕೋಣಕ್ಕೆ, ಮೀನಿಗೆ ಆದ ಆಘಾತಗಳೆಲ್ಲ ಇದರ ಮುಂದೆ ಏನೂ ಅಲ್ಲ. ಬಾಯಿ ಆ ಮೀನಿನ ಹಾಗೆಯೇ ತೆರೆದುಕೊಂಡಿತು.

"ಅತ್ತೆ... ನಿಮಗೆ ಯಾವಾಗಿಂದ..."

"ಮೊದಲ ಸಲ ಬಂದಾಗಿಂದ. ನನ್ನ ಮಡಿಸೀರೆಗೆ ನೀನು ಹಗ್ಗ ಕಟ್ಟಿದ್ದೆಲ್ಲಿ? ಅದರ ಸರೀ ಮೇಲೆ!"

ಹೌದು. ಹಿತ್ತಲಿನಲ್ಲಾದರೆ ಯಾರಾದರೂ ಮುಟ್ಟುತ್ತಾರೆ, ಕಾಗೆ ಕೂರುತ್ತದೆ ಎಂದು ಯೋಚಿಸಿ, ಮನೆಯಲ್ಲಿ ಯಾರೂ ಹೋಗದ ಜಾಗವೆಂದು ಮಡಿಯ ಹಗ್ಗವನ್ನು ನಾನೇ ಗರಾಜಿನಲ್ಲಿ ಕಟ್ಟಿದ್ದೆ. ಯಾರೂ ಹೋಗದ ಜಾಗವೆಂದು ಈರುಳ್ಳಿಯನ್ನೂ ಅಲ್ಲಿಯೇ ಇಟ್ಟಿದ್ದೆ. ಎರಡನ್ನೂ ಒಟ್ಟಿಗೆ ಯೋಚಿಸುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಆ ಮೂಗು ಪ್ರತಿದಿನ ಬೆಳಿಗ್ಗೆ ಕೋಲಿನಿಂದ ಸೀರೆ ತೆಗೆಯಲು ಅಲ್ಲಿಗೆ ಹೋಗುತ್ತಿತ್ತು.

"ಯಾಕೆ ಹೇಳಲಿಲ್ಲ ಅತ್ತೆ?"

"ನೀನು ಅಷ್ಟು ಕಷ್ಟಪಟ್ಟು ಅಡಗಿಸಿದ್ದು. ನಾನು ಹೇಳಿದ್ರೆ ನಿಂಗೆ ಬೇಜಾರಾಗುದಿಲ್ವಾ? ನನ್ನ ಒಲೆಗೆ ಬೇಡ, ನನ್ನ ಪಾತ್ರೆಗೆ ಬೇಡ. ಮಗುವಿಗೆ ಮಾಡಿ ಹಾಕು, ನೀನೂ ತಿನ್ನು. ಫೋನು ಇಡ್ತೇನೆ, ದೋಣಿ ಬಂತು." ಮರದ ದೋಣಿಯಲ್ಲ, ನಮ್ಮ ಹರಿಗೋಲಿನಂಥ ಗುಂಡನೆಯ ಬುಟ್ಟಿ. ಅತ್ತೆ ಅದರೊಳಗೆ ಕಾಲಿಡುವುದು ಕಾಣಿಸಿತು, ಆಮೇಲೆ ಆಕಾಶ ಕಾಣಿಸಿತು, ಆಮೇಲೆ ಫೋನು ಸತ್ತಿತು.

ನಾನು ಇವರ ಕಡೆ ತಿರುಗಿದೆ. ಇವರು ಸೀಲಿಂಗು ನೋಡುತ್ತಿದ್ದರು.

"ನಿಮಗೆ ಗೊತ್ತಿತ್ತಾ?"

"ಅಮ್ಮ ಹೇಳಿದ್ರು. ನಿನಗೆ ಹೇಳಬೇಡ ಅಂತಾನೂ ಹೇಳಿದ್ರು."

"ಎವ್ರಿಬಡಿ ನ್ಯೂ, ಅಮ್ಮಾ," ಎಂದಳು ತನ್ವಿ, ಮೆತ್ತಗೆ.

ಹೀಗೆ, ಈ ಮನೆಯಲ್ಲಿ ಆ ಗುಟ್ಟು ಬಯಲಾದದ್ದು ಗೊತ್ತಿಲ್ಲದೆ ಇದ್ದದ್ದು ಈರುಳ್ಳಿಗೂ ನನಗೂ ಮಾತ್ರ. ಆದರೂ ಲೆಕ್ಕ ಹಾಕಿದರೆ ದೇವರ ದಯೆ ಕಡಿಮೆಯೇನಲ್ಲ. ಅತ್ತೆ ಕೋಣದಿಂದ ಸುಖವಾಗಿ ಇಳಿದರು. ಆರು ಮೀನು ಬದುಕಿದವು. ಜರ್ಮನಿಯವನಿಗೆ ಒಂದು ದಿನ ಸಾತ್ವಿಕ ಊಟದ ಯೋಗ ಬಂತು. ಶನಿವಾರಕ್ಕೆ ಹಯಗ್ರೀವ ಇದೆ. ಪ್ರದಕ್ಷಿಣೆಯನ್ನು ದಿನಕ್ಕೆ ಹನ್ನೆರಡರಂತೆ ಹಾಕಿದರೆ ನಾಲ್ಕು ದಿನದಲ್ಲಿ ಮುಗಿಯುತ್ತದೆ.

ಈರುಳ್ಳಿ ಚೀಲವನ್ನು ಅಡುಗೆಮನೆಗೆ ವಾಪಸು ಎಳೆದು ತಂದು ಸುರಿದೆ. ಹೋದ ವಾರವೇ ಡ್ರಮ್ಮಿನ ಹಿಂದೆ ಸಾಗಿಸಿಟ್ಟಿದ್ದ ನಾಲ್ಕಾರು ಗಡ್ಡೆಗಳನ್ನೂ ತಂದು ಸೇರಿಸಿದೆ; ಅವು ಅತ್ತೆ ಹೇಳಿದ ಹಾಗೆಯೇ ಮೊಳಕೆ ಬಿಟ್ಟಿದ್ದವು. ಇನ್ನು ಯಾರಿಂದಲೂ ಏನನ್ನೂ ಮುಚ್ಚಿಡುವುದಿಲ್ಲವೆಂದು ದೇವರ ಮುಂದೆ ಹೇಳಿಕೊಳ್ಳೋಣ ಎಂದು ಎದ್ದೆ, ಅರ್ಧ ದಾರಿಯಲ್ಲಿ ನೆನಪಾಯಿತು. ಅತ್ತೆ ಈರುಳ್ಳಿಯ ಮಾತಷ್ಟೇ ಎತ್ತಿದ್ದು. ಬೆಳ್ಳುಳ್ಳಿಯ ಹೆಸರು ಹೇಳಲೇ ಇಲ್ಲ. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಗಟ್ಟಿಯಾಗಿದೆ, ಗೊತ್ತಾಗಿರಲಾರದು. ಹಾಗಾಗಿ ಗರಾಜಿಗೆ ಹೋಗಿ, ಸರದೀಪಗಳ ಪೆಟ್ಟಿಗೆಯನ್ನು ಅದರ ಮೇಲೆ ಇನ್ನಷ್ಟು ಭದ್ರವಾಗಿ ಕೂರಿಸಿ ಬಂದು, ಮೊಳಕೆ ಬಂದ ಈರುಳ್ಳಿಗಳನ್ನು ಆರಿಸಲು ಕುಳಿತೆ.