ಕ್ಯಾಪ್ಟನ್ನನ ಕಿವಿಯ ಅಣಬೆ

ಒಬ್ಬೊಬ್ಬರಿಗೆ ಒಂದೊಂದರ ಭಯ. ಕೆಲವರಿಗೆ ಹಾವು, ಕೆಲವರಿಗೆ ಆನೆ, ನಮ್ಮ ಮೇಸ್ತ್ರಿಗೆ ಇಂಜೆಕ್ಷನ್ನು. ಇವೆಲ್ಲ ಹೇಳಿಕೊಂಡರೂ ಮರ್ಯಾದೆ ಹೋಗದಂಥ ಭಯಗಳು. ನನಗೆ ಅಣಬೆ ಎಂದರೆ ಭಯ. ವಸ್ತಾರೆಯ ಹತ್ತಿರ ಕಾಫಿ ತೋಟ ಇಟ್ಟುಕೊಂಡವನು ಇದನ್ನು ಯಾರ ಮುಂದೆ ಹೇಳಲಿ? ಮದುವೆಯಾದಾಗಿನಿಂದ ‘ಪಿತ್ತ, ಆಗಿಬರೋಲ್ಲ’ ಎಂದು ಬಟ್ಟಲು ಸರಿಸುತ್ತ ಬಂದಿದ್ದೇನೆ.

ಕಾರಣ ಒಂದು ಸಿನಿಮಾ. ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗ ನೋಡಿದ ಹಳೆಯ ಇಂಗ್ಲಿಷ್ ಚಿತ್ರ. ಬೇರೆ ಗ್ರಹದಿಂದ ವಾಪಸಾಗುವ ರಾಕೆಟ್ಟಿನೊಳಗೆ ಅಣಬೆ ಏಳುತ್ತದೆ. ಮೊದಲು ಗೋಡೆಯಲ್ಲಿ, ಆಮೇಲೆ ಹಾಸಿಗೆಯಲ್ಲಿ, ಕೊನೆಗೆ ಕ್ಯಾಪ್ಟನ್ನನ ಕಿವಿಯಲ್ಲಿ. ಕೊಡೆಯಂತೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಆ ವರ್ಷದ ಪರೀಕ್ಷೆಗಳನ್ನೆಲ್ಲ ನಾನು ಕಿವಿಗೆ ಹತ್ತಿ ಇಟ್ಟುಕೊಂಡೇ ಬರೆದೆ. ಗೆಳೆಯರು ನೆಗಡಿ ಎಂದುಕೊಂಡರು, ನಾನೂ ಹೌದೆಂದೆ.

ಈಗ ಮಗಳು ರಮ್ಯಳಿಗೆ ಕಳಸದ ಕಡೆಯ ಹುಡುಗ ಗೊತ್ತಾದ. ಮೊದಲ ಗುಡುಗಾದ ವಾರ ಬೀಗರು ಊಟಕ್ಕೆ ಕರೆದರು. ಗುಡುಗಿಗೆ ಅಣಬೆ ಏಳುವ ಆ ಹೊತ್ತಿನಲ್ಲಿ ಕರೆದರೆ ಏನು ಬಡಿಸುತ್ತಾರೆಂದು ಯಾರೂ ಕೇಳಬೇಕಿಲ್ಲ.

“ಅಪ್ಪ, ಅಲ್ಲಿ ನಿಮ್ಮ ಪಿತ್ತದ ಕಥೆ ತೆಗೀಬೇಡಿ. ಅವರು ಬೇಜಾರು ಮಾಡ್ಕೊಂಡ್ರೆ ಆಮೇಲೆ ಆ ಮನೇಲಿ ಬಾಳೋಳು ನಾನು” ಎಂದಳು ರಮ್ಯ.

ಕೊನೆಗೆ ಅವಳೊಬ್ಬಳಿಗೇ ನಿಜ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಫೋನಿನಲ್ಲಿ ಎಲ್ಲೋ ಹುಡುಕಿ ಆ ಸಿನಿಮಾವನ್ನು ಟಿವಿಗೆ ಹಾಕಿ, “ಇನ್ನೊಂದ್ಸಲ ನೋಡಿ, ಭಯ ಹೋಗುತ್ತೆ” ಎಂದಳು.

ನೋಡಿದೆ. ರಾಕೆಟ್ಟಿನ ಯಂತ್ರಗಳೆಲ್ಲ ನಮ್ಮ ಗೋಡೌನಿನಲ್ಲಿ ತುಕ್ಕು ಹಿಡಿದಿರುವ, ಕಾಫಿ ಹಣ್ಣು ಸುಲಿಯುವ ಪಲ್ಪರಿನ ಬಿಡಿಭಾಗಗಳಂತಿದ್ದವು. ಕ್ಯಾಪ್ಟನ್ನನ ಕಿವಿಯ ಅಣಬೆಗೆ ಕಟ್ಟಿದ್ದ ದಾರ ಸ್ಪಷ್ಟವಾಗಿ ಕಾಣುತ್ತಿತ್ತು. ಇದಕ್ಕಾ ನಾನು ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದು ಎಂದು ನನ್ನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ನಮ್ಮ ಜೊತೆಗೇ ಇರುವ ಅತ್ತೆಯವರು ಬಂದು ಕೂತರು. ಪ್ರತಿ ವರ್ಷ ಮೊದಲ ಗುಡುಗಿನ ಮಾರನೆಯ ಬೆಳಿಗ್ಗೆ ಸೆರಗಿನೊಳಗೆ ಬುಟ್ಟಿ ಮುಚ್ಚಿಕೊಂಡು ಹೋಗಿ, ಬುಟ್ಟಿ ತುಂಬ ಅಣಬೆ ತರುವವರು ಅವರು. ನಮ್ಮ ಕಡೆ ಅಣಬೆ ಏಳುವ ಜಾಗವನ್ನು ಯಾರೂ ಬಿಟ್ಟುಕೊಡುವುದಿಲ್ಲ; ಇವರಂತೂ ಹೆತ್ತ ಮಗಳಾದ ನನ್ನ ಹೆಂಡತಿಗೂ ಹೇಳಿದವರಲ್ಲ. ಕಿವಿಯಿಂದ ಅಣಬೆ ಎದ್ದದ್ದನ್ನು ನೋಡಿ ಅವರು ಬೆಚ್ಚಲಿಲ್ಲ. “ಇನ್ನೂ ಮೊಗ್ಗು, ನಾಳೆ ಕಿತ್ತರೆ ಚೆನ್ನಾಗಿತ್ತು” ಎಂದರು. ಆದರೆ ಕ್ಯಾಪ್ಟನ್ನು ರೇಡಿಯೋ ಹಿಡಿದು ತಾವು ಇಂಥ ಗ್ರಹದ ಇಂಥ ಗುಡ್ಡದಿಂದ ಬರುತ್ತಿದ್ದೇವೆ ಎಂದು ಭೂಮಿಗೆ ಹೇಳುತ್ತಿರುವುದನ್ನು ರಮ್ಯ ಕನ್ನಡದಲ್ಲಿ ಹೇಳಿದ್ದೇ ತಡ, ಎದ್ದು ನಿಂತರು.

“ಅಯ್ಯಯ್ಯೋ! ಜಾಗ ಹೇಳ್ಬಿಟ್ನಲ್ಲೇ ಮುಂಡೇದು! ಊರಿಗೆಲ್ಲ ಕೇಳೋ ಹಂಗೆ!”

ಆಮೇಲೆ ಅವರು ಸಿನಿಮಾ ನೋಡಲಿಲ್ಲ. ಅಂಥವನು ಸತ್ತರೂ ದುಃಖವಿಲ್ಲ ಎಂದು ಗೊಣಗುತ್ತ ಒಳಗೆ ಹೋದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಊಟಕ್ಕೆ ಅತ್ತೆಯವರೂ ನಮ್ಮ ಜೊತೆ ಹೊರಟರು. ಬೀಗರ ಮನೆಯಲ್ಲಿ ಕಡುಬು, ಅಣಬೆ ಸಾರು. ಕಣ್ಣು ಮುಚ್ಚಿ ಮೊದಲ ತುತ್ತು ಬಾಯಿಗಿಟ್ಟೆ. ಏನು ಹೇಳಲಿ! ಇಷ್ಟು ವರ್ಷ ಕಳೆದುಕೊಂಡದ್ದನ್ನು ನೆನೆದು ಅಳು ಬರುವಂತಾಯಿತು. ಎರಡನೇ ಸಲ ಬಡಿಸಿಕೊಂಡೆ, ಮೂರನೇ ಸಲವೂ. ರಮ್ಯಳ ಮುಖ ಅರಳಿತ್ತು. ಬೀಗಿತ್ತಿ ನಾಲ್ಕನೆಯ ಸಲ ಸೌಟು ಎತ್ತಿದಾಗ, ತುಂಬಿದ ಮನಸ್ಸಿನಿಂದ ಕೇಳಿಯೇಬಿಟ್ಟೆ:

“ಎಂಥ ರುಚಿ ಮಾರಾಯ್ರೆ! ಇದು ನಿಮ್ಮ ತೋಟದ ಯಾವ ಕಡೆ ಏಳುತ್ತೆ?”

ಸೌಟು ಗಾಳಿಯಲ್ಲೇ ನಿಂತಿತು. ಬೀಗರು ಪೂರ್ವಕ್ಕೂ ಪಶ್ಚಿಮಕ್ಕೂ ಒಟ್ಟಿಗೇ ಕೈ ತೋರಿಸಿ, “ಇಲ್ಲೇ... ಹಿಂಗೇ... ಎಲ್ಲೋ...” ಎಂದರು. ಅವರ ವಯಸ್ಸಾದ ತಾಯಿ ಸಾರಿನ ಪಾತ್ರೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಅತ್ತೆಯವರು ತಲೆ ತಗ್ಗಿಸಿದರು. ರಾಕೆಟ್ಟಿನೊಳಗೆ ಉಳಿದವರೆಲ್ಲ ಕ್ಯಾಪ್ಟನ್ನನನ್ನು ನೋಡಿದ್ದು ಇದೇ ಥರ. ನಾನು ಎಡಗೈಯಿಂದ ಕಿವಿ ಮುಟ್ಟಿ ನೋಡಿಕೊಂಡೆ.

ದೇವರು ದೊಡ್ಡವನು, ಮದುವೆ ನಡೆಯಿತು. ಬೀಗರು ಈಗಲೂ ಬಹಳ ಪ್ರೀತಿಯಿಂದ ಕಾಣುತ್ತಾರೆ. ಆದರೆ ಗುಡುಗಿನ ಕಾಲಕ್ಕೆ ಹೋದರೆ, ಕೈ ತೊಳೆಯಲು ಹಿತ್ತಲಿಗೆ ಹೊರಟರೂ ಜೊತೆಗೇ ಬರುತ್ತಾರೆ. ಅದನ್ನು ಉಪಚಾರ ಎಂದುಕೊಳ್ಳುವಷ್ಟು ದಡ್ಡ ನಾನಲ್ಲ.