ನನಗೆ ಬಾರದ ಹತ್ತನೆಯ ಲೆಕ್ಕ

ಒಬ್ಬೊಬ್ಬರು ಒಂದೊಂದಕ್ಕೆ ಅಳತೆಗೋಲಾಗಿರುತ್ತಾರೆ. ನಮ್ಮತ್ತೆ ಇದ್ದಾಗ ಸಾರಿಗೆ ಉಪ್ಪು ಸಾಕೋ ಇನ್ನೂ ಬೇಕೋ ಎಂಬುದು ಅವರ ನಾಲಗೆಯ ತುದಿಯಲ್ಲಿ ತೀರ್ಮಾನವಾಗುತ್ತಿತ್ತು. ಹಂಡೆಯ ನೀರು ಕಾದಿದೆಯೋ ಇಲ್ಲವೋ ಎನ್ನುವುದಕ್ಕೆ ಮಾವನವರ ಹೆಬ್ಬೆರಳೇ ಪ್ರಮಾಣ. ಹಾಗೆಯೇ ಹೈಸ್ಕೂಲಿನ ಅತಿ ಜಾಣ ಮಕ್ಕಳ ಸ್ಪರ್ಧೆಗೆ ಕೊಡುವ ಕಠಿಣ ಲೆಕ್ಕಗಳು ಎಷ್ಟು ಕಠಿಣ ಎಂದು ನೋಡುವುದಕ್ಕೆ ಜಯನಗರದಲ್ಲಿ ಒಂದು ಅಳತೆಗೋಲಿತ್ತು. ಅದು ನಾನು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಲೋವರ್ ಸೆಕೆಂಡರಿಯಲ್ಲಿ ಲೆಕ್ಕಕ್ಕೆ ನೂರಕ್ಕೆ ಹನ್ನೊಂದು ತೆಗೆದವಳಿಗೆ, ಅದರಲ್ಲೂ ಆ ಹನ್ನೊಂದರಲ್ಲಿ ಐದು ಅಂಚು ಬಿಟ್ಟು ಚೊಕ್ಕಟವಾಗಿ ಬರೆದದ್ದಕ್ಕೆ ಎಂದು ಮೇಷ್ಟ್ರಿಂದಲೇ ಹೇಳಿಸಿಕೊಂಡವಳಿಗೆ, ಇಂಥ ಹುದ್ದೆ ಸಿಗುವುದು ಸಣ್ಣ ಮಾತಲ್ಲ.

ಹುದ್ದೆ ಬಂದದ್ದು ಹೀಗೆ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನಮ್ಮ ಕಡೆಯ ಐದಾರು ಶಾಲೆಗಳು ಸೇರಿ ವರ್ಷಕ್ಕೊಂದು ಸಲ ಲೆಕ್ಕದ ಸ್ಪರ್ಧೆ ನಡೆಸುತ್ತಿದ್ದವು. ಒಂದೊಂದು ಶಾಲೆಯಿಂದ ನಾಲ್ಕು ಮಕ್ಕಳು, ಮೂರು ಗಂಟೆ, ಹತ್ತು ಲೆಕ್ಕ. ಆ ಹತ್ತು ಲೆಕ್ಕ ಕಟ್ಟುವ ಜವಾಬ್ದಾರಿ ಇವರ ಮೇಲೆ ಬಿದ್ದಿತ್ತು. ಮೊದಲ ವರ್ಷ ಇವರು ಗೊತ್ತಿದ್ದ ಫಾರ್ಮುಲಾಗಳನ್ನೆಲ್ಲ ಒಟ್ಟುಗೂಡಿಸಿ, ಅಂಕಿಗಳನ್ನು ದೊಡ್ಡದು ಮಾಡಿ, ಪೇಪರ್ ಕಟ್ಟಿದರು. ಸ್ಪರ್ಧೆಯ ದಿನ ಎರಡು ಜಡೆಯ ಒಬ್ಬಳು ಹುಡುಗಿ, ವತ್ಸಲಾ ಅಂತ, ನಲವತ್ತು ನಿಮಿಷಕ್ಕೆ ಹತ್ತೂ ಮುಗಿಸಿ, ಹಾಳೆಗಳನ್ನು ದಾರ ಹಾಕಿ ಕಟ್ಟಿ, ಇವರ ಮೇಜಿನ ಮುಂದೆ ಬಂದು ನಿಂತು, "ಸಾರ್, ಇಷ್ಟೇನಾ?" ಅಂದಳಂತೆ.

ಪಾಪ, ಆ ಮಗು ಅಹಂಕಾರದಿಂದ ಕೇಳಿದ್ದಲ್ಲ. ಎಲೆಯ ಮುಂದೆ ಕೂತವರು ಪಾಯಸ ಇದೆಯಾ ಎಂದು ಕೇಳುವ ಹಾಗೆ ಕೇಳಿತು. ಆದರೆ ಆ "ಇಷ್ಟೇನಾ" ಇವರ ಎದೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತು. ಇವರು ಮುಖಕ್ಷೌರ ಮಾಡಿಕೊಳ್ಳುತ್ತಾ ಕನ್ನಡಿಗೆ "ಇಷ್ಟೇನಾ" ಎನ್ನುವರು. ನಾನು ಅನ್ನ ಬಡಿಸಿ, ಇಷ್ಟು ಸಾಕಾ ಎಂದು ಕೇಳಿದರೆ ಬೆಚ್ಚಿ ನೋಡುವರು. ಮರುವರ್ಷ ಆ ಹುಡುಗಿಗೆ ಎಸ್‌ಎಸ್‌ಎಲ್‌ಸಿ, ಸ್ಪರ್ಧೆಗೆ ಬರುವುದು ಅದೇ ಕೊನೆ. ಆ ಪೇಪರಿಗೆ ಅವಳು ಮೂರು ಗಂಟೆಯೂ ಕೂರಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಪೇಪರ್ ತೆಗೆಯುವುದನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದು ನನ್ನೆದುರಿಗೇ ಹೇಳಿಬಿಟ್ಟರು.

ಆ ವರ್ಷ ಅವರೆಕಾಯಿ ಕಾಲಕ್ಕೆ ಸರಿಯಾಗಿ ಹೊಸ ಏರ್ಪಾಡು ಶುರುವಾಯಿತು. ಪ್ರತಿದಿನ ಸಂಜೆ ಇವರು ಶಾಲೆಯಿಂದ ಬಂದು, ಕಾಫಿ ಕುಡಿದು, ನಾನು ನಡುಮನೆಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿರುವಾಗ ಒಂದು ಚೀಟಿ ಓದುವರು. "ನಿನಗೆ ಬರುತ್ತೋ ಇಲ್ವೋ ನೋಡಿ ತೀರ್ಮಾನ ಮಾಡ್ತೀನಿ" ಎಂದಷ್ಟೇ ಹೇಳಿದ್ದರು. ಅದರ ಅರ್ಥ ಯಾರಿಗೆ ತಾನೆ ಗೊತ್ತಾಗುವುದಿಲ್ಲ? ಹನ್ನೊಂದು ಅಂಕದವಳಿಗೇ ಬಂದರೆ ಆ ಲೆಕ್ಕ ತೀರ ಸುಲಭ, ಎಸೆಯಬೇಕು. ಬಾರದಿದ್ದರೆ ಪೇಪರಿಗೆ ಹೋಗಬೇಕು. ನನ್ನ ಕಣ್ಣಿಗೆ ಕಂಡದ್ದೂ ಹಾಗೆಯೇ ಇತ್ತು. ನಾನು ಬಿಡಿಸಿದರೆ ಇವರು ಮುಖ ಗಂಟು ಹಾಕಿ "ಹೂಂ" ಎಂದು, ಆ ಚೀಟಿಯನ್ನು ಅಟ್ಟದ ಮೇಲಿನ ತುಕ್ಕುಹಿಡಿದ ಬಿಸ್ಕತ್ತಿನ ಡಬ್ಬಿಗೆ ಹಾಕುವರು. ಅದರಲ್ಲಿ ಸುಟ್ಟುಹೋದ ಬಲ್ಬು, ಕಾಲು ಮುರಿದ ಕನ್ನಡಕ, ನಿಂತ ಗಡಿಯಾರದ ಮುಳ್ಳು ಇವೇ ಇದ್ದದ್ದು. ನನಗೆ ಬಾರದಿದ್ದರೆ, "ಪರವಾಗಿಲ್ಲ ಬಿಡು" ಎಂದು ಮೃದುವಾಗಿ ಹೇಳಿ ಚೀಟಿಯನ್ನು ಮಡಿಸಿ ಷರಟಿನ ಜೇಬಿಗೆ, ಎದೆಯ ಹತ್ತಿರ, ಇಟ್ಟುಕೊಳ್ಳುವರು. ಆ ಜೇಬಿನ ಚೀಟಿಗಳು ಎರಡು ಸಲ ಒಗೆಯುವ ಬಟ್ಟೆಯ ಜೊತೆ ಹೋಗಿ ಹಿಟ್ಟಾದವು. ನಾನು ಅಂಜುತ್ತಾ ಹೇಳಿದರೆ ಇವರು ಕಾಫಿ ಆಯಿತಾ ಎಂದು ಕೇಳಿದರು. ಎಂಥ ಸಹನೆ ಎಂದುಕೊಂಡೆ.

ಲೆಕ್ಕಗಳೇನೋ ನಾನು ಎಣಿಸಿದಷ್ಟು ಭಯಂಕರವಾಗಿರಲಿಲ್ಲ. ಒಂದು ದಿನ ಕೇಳಿದರು: ಒಂದು ಪಂದ್ಯಾವಳಿಯಲ್ಲಿ ಅರವತ್ತನಾಲ್ಕು ಆಟಗಾರರು, ಸೋತವನು ಅಲ್ಲಿಗೇ ಹೊರಗೆ, ಕೊನೆಗೊಬ್ಬ ಗೆಲ್ಲುವುದಕ್ಕೆ ಒಟ್ಟು ಎಷ್ಟು ಆಟ ನಡೆಯಬೇಕು? ಮೊದಲ ಸುತ್ತಿಗೆ ಮೂವತ್ತೆರಡು, ಆಮೇಲೆ ಹದಿನಾರು ಎಂದು ಕೂಡಿಸುತ್ತಾ ಹೋಗಲು ನನ್ನ ಎರಡು ಕೈಯೂ ಅವರೆಕಾಳಿನಲ್ಲಿದ್ದವು. ಆದ್ದರಿಂದ ಬೇರೆ ದಾರಿ ಹಿಡಿದೆ. ಒಂದು ಆಟ ಆದರೆ ಒಬ್ಬ ಮನೆಗೆ ಹೋಗುತ್ತಾನೆ. ಮನೆಗೆ ಹೋಗಬೇಕಾದವರು ಅರವತ್ತಮೂರು ಜನ. ಆಟವೂ ಅರವತ್ತಮೂರು. ಮದುವೆ ಮನೆಯಲ್ಲಿ ನೆಂಟರನ್ನು ಕಳಿಸಿ ಗೊತ್ತಿರುವ ಯಾರಿಗಾದರೂ ಇದು ಹೊಳೆಯುತ್ತದೆ. ಇವರು "ಹೂಂ" ಎಂದು ಅಟ್ಟದ ಕಡೆ ಹೋದರು. ಇನ್ನೊಂದು ದಿನ ಎರಡು ವೃತ್ತ, ಒಂದು ಸ್ಪರ್ಶರೇಖೆ, ಅದಕ್ಕೊಂದು ಲಂಬ ಎಂದು ಏನೋ ಓದಿದರು. ಸ್ಪರ್ಶರೇಖೆ ಎಂದರೆ ಏನು ಎನ್ನುವಲ್ಲಿಗೇ ನನ್ನ ಕಥೆ ಮುಗಿಯಿತು. ಚೀಟಿ ಜೇಬಿಗೆ ಹೋಯಿತು. ಹೀಗೆ ಸಂಕ್ರಾಂತಿಯ ಹೊತ್ತಿಗೆ ಒಂಬತ್ತು ಲೆಕ್ಕ ಬಿಡಿಸಿ, ಅಂದರೆ ನನ್ನ ಪ್ರಕಾರ ಒಂಬತ್ತನ್ನು ಹಾಳುಮಾಡಿ ಕೂತಿದ್ದೆ. ಒಳಗೊಳಗೆ ಹಿಗ್ಗು, ಹೊರಗೆ ಪಶ್ಚಾತ್ತಾಪ.

ಸಂಕ್ರಾಂತಿ ಕಳೆದ ಮೂರನೆಯ ದಿನ ಇವರು ಚೀಟಿ ಹಿಡಿದು ಬಂದ ರೀತಿಯೇ ಬೇರೆ. ಮೂರು ವಾರ ತಿದ್ದಿ ತಿದ್ದಿ ಬರೆದ ಲೆಕ್ಕ ಅದು. "ಇದು ಹತ್ತನೇದು ಕಣೇ. ಇದು ನಿಂತರೆ ಪೇಪರ್ ನಿಲ್ಲುತ್ತೆ" ಎಂದರು. ಆಮೇಲೆ ಓದಿದರು. ಒಂದು ಸಭೆಯಲ್ಲಿ ಹತ್ತು ಜನ ಸೇರಿದ್ದಾರೆ. ಕೆಲವರು ಕೆಲವರ ಕೈ ಕುಲುಕಿದ್ದಾರೆ. ಯಾರು ಎಷ್ಟು ಜನರ ಕೈ ಕುಲುಕಿದರು ಎಂದು ಒಬ್ಬೊಬ್ಬರನ್ನೂ ಕೇಳಿದರೆ, ಒಂದೇ ಸಂಖ್ಯೆ ಹೇಳುವವರು ಕಡೇಪಕ್ಷ ಇಬ್ಬರು ಇದ್ದೇ ಇರುತ್ತಾರೆ ಎಂದು ಸಾಧಿಸಿ ತೋರಿಸಬೇಕು.

ನಮ್ಮ ಬೀದಿಯಲ್ಲಿ ಕೈ ಕುಲುಕುವವರು ಯಾರಿದ್ದಾರೆ? ನನಗೆ ಕಣ್ಣ ಮುಂದೆ ಬಂದದ್ದು ಹಬ್ಬದ ಸಂಜೆ ಎದುರು ಮನೆಯಲ್ಲಿ ನಡೆದ ಅರಿಶಿನ ಕುಂಕುಮ. ನಾವೂ ಸರಿಯಾಗಿ ಹತ್ತು ಜನ ಹೆಂಗಸರಿದ್ದೆವು. ಮನೆಯೊಡತಿ ಸುಬ್ಬಲಕ್ಷ್ಮಮ್ಮನವರು ಗೋಡೆಯನ್ನಾದರೂ ಮಾತಾಡಿಸುವವರು. ಮೂಲೆಮನೆಯ ರಾಜಮ್ಮನವರು ಎಳ್ಳು ಬೆಲ್ಲ ಈಸಿಕೊಂಡು ತುಟಿ ಬಿಚ್ಚದೆ ಹೋಗುವವರು. ಕೈ ಕುಲುಕುವುದರ ಬದಲು ಮಾತು ಎಂದಿಟ್ಟುಕೊಂಡೆ. ಹತ್ತು ಜನರದೂ ಬೇರೆ ಬೇರೆ ಸಂಖ್ಯೆಯಾಗಬೇಕಾದರೆ ಸೊನ್ನೆಯಿಂದ ಒಂಬತ್ತರವರೆಗೆ ಒಂದೂ ಬಿಡದೆ ಬರಬೇಕು. ಅಂದರೆ ಯಾರ ಜೊತೆಗೂ ಮಾತಾಡದವರೊಬ್ಬರು, ಉಳಿದ ಒಂಬತ್ತು ಜನರ ಜೊತೆಗೂ ಮಾತಾಡಿದವರೊಬ್ಬರು ಇರಬೇಕು. ಅದು ಹೇಗಾದೀತು? ಸುಬ್ಬಲಕ್ಷ್ಮಮ್ಮ ಎಲ್ಲರ ಜೊತೆಗೂ ಮಾತಾಡಿದ್ದಾರೆ ಎಂದಮೇಲೆ ರಾಜಮ್ಮನವರೂ ಅದರಲ್ಲಿ ಸೇರಿದರು. ಸೇರಿದಮೇಲೆ ರಾಜಮ್ಮನವರದು ಸೊನ್ನೆ ಹೇಗೆ? ಸೊನ್ನೆಯವರೂ ಒಂಬತ್ತರವರೂ ಒಂದೇ ಮನೆಯಲ್ಲಿ ಒಂದೇ ಸಂಜೆ ಇರಲು ಸಾಧ್ಯವಿಲ್ಲ. ಒಂದು ಸಂಖ್ಯೆ ಕಮ್ಮಿಯಾಯಿತು. ಹತ್ತು ಜನಕ್ಕೆ ಒಂಬತ್ತೇ ಸಂಖ್ಯೆ. ಇಬ್ಬರು ಹಂಚಿಕೊಳ್ಳಲೇಬೇಕು.

ಇಷ್ಟೆಲ್ಲ ಹೊಳೆಯುವುದಕ್ಕೆ ಒಂದು ಹಿಡಿ ಅವರೆಕಾಳು ಹಿತುಕುವಷ್ಟು ಹೊತ್ತೂ ಹಿಡಿಯಲಿಲ್ಲ. ಬಾಯಿ ತೆರೆದೆ. ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಮೂರು ವಾರದ ಲೆಕ್ಕ, ಮೇಲೆ ಆ ತುಕ್ಕಿನ ಡಬ್ಬಿ. ಬಾಯಿ ಮುಚ್ಚಿದೆ. "ತಡೀರಿ, ಯೋಚನೆ ಮಾಡ್ತೀನಿ" ಎಂದು ದಿನ ಮುಂದಕ್ಕೆ ಹಾಕಿದೆ.

ಮಾರನೆಯ ಬೆಳಿಗ್ಗೆ ಗೊಟ್ಟಿಗೆರೆಯಿಂದ ಅವರೆಕಾಯಿ ಕುಕ್ಕೆ ಹೊತ್ತು ಬರುವ ಚೆನ್ನಮ್ಮನ ಹತ್ತಿರ ಮನಸ್ಸು ತಡೆಯದೆ, ಲೆಕ್ಕದ ವಿಷಯ ಬಿಟ್ಟು ಉಳಿದದ್ದು ಹೇಳಿದೆ. ಒಂದು ಸಂಗತಿ ನನಗೆ ಗೊತ್ತು, ಗೊತ್ತು ಅಂದರೆ ಇವರಿಗೆ ಬೇಜಾರು, ಏನು ಮಾಡಲಿ ಅಂತ. ಅವಳು ಸೊನೆ ಮೂಸಿ ನೋಡು ಎಂದು ಒಂದು ಕಾಯಿ ನನ್ನ ಮೂಗಿಗೆ ಹಿಡಿದು, "ಗೊತ್ತಿದ್ರೂ ಗೊತ್ತಿಲ್ಲ ಅಂತ ಕುಂತ್ಕೊಳವ್ವ. ನಾನು ಇಪ್ಪತ್ತು ವರ್ಸದಿಂದ ಹಂಗೇ ಕುಂತಿವ್ನಿ. ಮನೆ ನೆಟ್ಟಗದೆ" ಅಂದಳು. ಸಂಸಾರದ ವಿಷಯದಲ್ಲಿ ಚೆನ್ನಮ್ಮನ ಮಾತು ಸುಳ್ಳಾದದ್ದು ನಾನು ಕಂಡಿರಲಿಲ್ಲ.

ಎರಡು ದಿನ ನಾನು ನಡೆಸಿದ ನಾಟಕ ಇವತ್ತಿಗೂ ನನಗೆ ಮೆಚ್ಚುಗೆ. ಹುಬ್ಬು ಗಂಟು ಹಾಕಿದೆ. ಬೆರಳು ಮಡಿಸಿ ಎಣಿಸಿದೆ. "ಕೈಗೆ ಕೈ ತಾಗಿದರೆ ಸಾಕಾ, ಕುಲುಕಲೇಬೇಕಾ?" ಎಂದು ಕೇಳಿದೆ. ಆಶ್ಚರ್ಯವೆಂದರೆ ಇವರು ಸುಳಿವು ಕೊಡಲು ಶುರುಮಾಡಿದರು. "ಯಾರ ಕೈಯನ್ನೂ ಕುಲುಕದವನೊಬ್ಬ ಇದ್ದಾನೆ ಅಂತ ಇಟ್ಕೋ" ಎಂದರು. ನಾನು, ಪಾಪ ಅವನಿಗೆ ಏನು ಕಷ್ಟವೋ ಎಂದೆ. "ಅವಸರ ಇಲ್ಲ, ಇನ್ನರ್ಧ ಲೋಟ ಕಾಫಿ ಕುಡಿದು ಯೋಚನೆ ಮಾಡು" ಎಂದು ತಾವೇ ಎದ್ದು ಹೋಗಿ ತಂದುಕೊಟ್ಟರು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅದು ಮೊದಲ ಸಲ. ತಮ್ಮ ಲೆಕ್ಕವೇ ಹೋದರೂ ಹೋಗಲಿ, ಹೆಂಡತಿ ಸೋಲಬಾರದು ಎನ್ನುವ ಈ ದೊಡ್ಡ ಮನಸ್ಸು ಕಂಡು ನನ್ನ ಕಣ್ಣು ಒದ್ದೆಯಾಯಿತು. ನಾನೂ ಬಿಟ್ಟುಕೊಡಲಿಲ್ಲ. "ಇಲ್ಲರೀ, ನನ್ನ ತಲೆಗೆ ಹತ್ತೊಲ್ಲ" ಎಂದೆ. ಇವರು ಚೀಟಿಯನ್ನು ಇನ್ನೊಮ್ಮೆ ಓದಿಕೊಂಡು, "ಪರವಾಗಿಲ್ಲ ಬಿಡು" ಎಂದು ಚೀಟಿಯನ್ನು ಜೇಬಿಗಿಟ್ಟುಕೊಂಡರು. ಗೆದ್ದೆ ಎಂದುಕೊಂಡೆ. ಆ ರಾತ್ರಿಯ ಅಡುಗೆ ಹಿತುಕಿದ ಬೇಳೆ ಸಾರು. ಇವರು ಯಾಕೋ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.

ಸ್ಪರ್ಧೆ ಒಂದು ಭಾನುವಾರ ನಡೆಯಿತು. ಇವರು ಮಧ್ಯಾಹ್ನ ಎರಡು ಗಂಟೆಗೆ ಬಂದಾಗ ಮುಖ ಅರ್ಧ ಅರಳಿತ್ತು. ಕಾಫಿ ಕೈಗೆ ಕೊಟ್ಟು ಏನಾಯಿತು ಎಂದೆ. ವತ್ಸಲಾ ಮೂರು ಗಂಟೆಯೂ ಕೂತಿದ್ದಳಂತೆ. ಒಂದು ಜಡೆಯ ತುದಿಯನ್ನು ಪೂರ್ತಿ ಕಚ್ಚಿ ಹಾಕಿದ್ದಳಂತೆ. ಹಾಳೆ ಕೊಡುವಾಗ ಏನೂ ಹೇಳಲಿಲ್ಲವೇ ಎಂದು ಕೇಳಿದೆ. ಹೇಳಿದಳಂತೆ. ಇವರು ಲೋಟದೊಳಗೆ ನೋಡುತ್ತಾ ಆ ಮಾತನ್ನು ಒಪ್ಪಿಸಿದರು: "ಒಂಬತ್ತು ಲೆಕ್ಕ ತುಂಬ ಚೆನ್ನಾಗಿತ್ತು ಸಾರ್. ಹತ್ತನೇದೊಂದು ಪುಸ್ತಕದ್ದು."

"ಪುಸ್ತಕದ್ದಾ? ಆ ಕೈ ಕುಲುಕೋ ಲೆಕ್ಕಾನಾ?" ಎಂದೆ.

"ಅದೆಲ್ಲಿ ಕೊಟ್ಟೆ? ನಿನಗೆ ಬರಲಿಲ್ಲವಲ್ಲ, ತೆಗೆದುಬಿಟ್ಟೆ. ಬೇರೆ ಹೊಂದಿಸೋಕೆ ಹೊತ್ತಿರಲಿಲ್ಲ. ಪುಸ್ತಕದಿಂದ ಒಂದು ಎತ್ತಿ ಹಾಕಿದೆ."

ನಾನು ಅಲ್ಲೇ ಕಾಲುಮಣೆಯ ಮೇಲೆ ಕೂತೆ. ಇವರು ಸಾವಧಾನವಾಗಿ ವಿವರಿಸಿದರು. ಹೋದ ವರ್ಷದ ಪೇಪರ್ ಕೆಟ್ಟದ್ದೇ ಅದು ಉರು ಹೊಡೆದವರಿಗೆ ಸುಲಭವಾಗಿದ್ದರಿಂದ. ಫಾರ್ಮುಲಾ ಒಂದೂ ಗೊತ್ತಿಲ್ಲದವರು ಬರೀ ಯೋಚನೆಯಿಂದ ಬಿಡಿಸಬಹುದಾದ ಲೆಕ್ಕವೇ ಜಾಣ ಮಕ್ಕಳಿಗೆ ಕೊಡಬೇಕಾದ ಲೆಕ್ಕ. ಫಾರ್ಮುಲಾ ಒಂದೂ ಗೊತ್ತಿಲ್ಲದವರು, ಆದರೆ ಯೋಚನೆ ಮಾಡಬಲ್ಲವರು, ಇವರಿಗೆ ಹತ್ತಿರದಲ್ಲಿ ಸಿಕ್ಕಿದ್ದು ನಾನೊಬ್ಬಳೇ. ನನಗೆ ಬಂದದ್ದು ಪೇಪರಿಗೆ, ಬಾರದ್ದು ಕಸಕ್ಕೆ. ಹಾಗಾದರೆ ಆ ಹಾಳು ಡಬ್ಬಿ ಯಾಕೆ ಎಂದೆ. "ಸುಟ್ಟ ಬಲ್ಬಿನ ಕೆಳಗೆ ಕೊಶ್ಚನ್ ಪೇಪರ್ ಇದೆ ಅಂತ ಯಾರು ಹುಡುಕ್ತಾರೆ?" ಎಂದರು.

ಆಗ ಹೇಳಿದೆ. ಸುಬ್ಬಲಕ್ಷ್ಮಮ್ಮ, ರಾಜಮ್ಮ, ಸೊನ್ನೆ, ಒಂಬತ್ತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಇವರು ಲೋಟ ಕೆಳಗಿಟ್ಟರು.

"ಅವತ್ತೇ ಹೇಳಬಾರದಿತ್ತೇನೇ?"

"ಬಂದರೆ ಪೇಪರಿಗೆ ಅಂತ ನೀವು ಹೇಳಬಾರದಿತ್ತೇನ್ರೀ?"

"ಹೇಳಿದ್ರೆ ನೀನು ಹಟ ಹಿಡಿದು ಬಿಡಿಸ್ತಿದ್ದೆ. ಆಗ ಅದು ಪರೀಕ್ಷೆ ಹೇಗಾಗುತ್ತೆ?"

ಆ ಚೀಟಿ ಎಲ್ಲಿ ಎಂದು ಕೇಳಿದೆ. ಜೇಬಿನಲ್ಲಿತ್ತು ಎಂದರು. ಯಾವ ಷರಟು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಹಿತ್ತಲ ತಂತಿಯ ಮೇಲೆ ಅದು ಒಣಗುತ್ತಿತ್ತು, ಜೇಬಿನ ಜಾಗದಲ್ಲಿ ನೀಲಿ ಮಸಿಯ ಒಂದು ಮೋಡವಿತ್ತು.

ಹೋದದ್ದನ್ನು ನಾನೇ ಸರಿಮಾಡಿದೆ ಎಂದು ಹೇಳಿದರೆ ಬಡಾಯಿಯಲ್ಲ. ಕ್ಯಾಲೆಂಡರಿನ ಹಿಂದಿನ ತಿಂಗಳ ಹಾಳೆ ಕಿತ್ತು ಅದರ ಬೆನ್ನಿನ ಮೇಲೆ, ಅಂಚು ಬಿಟ್ಟು ಚೊಕ್ಕಟವಾಗಿ, ಲೆಕ್ಕವನ್ನು ನನ್ನ ಮಾತಿನಲ್ಲಿ ಬರೆದೆ. ಕೈ ಕುಲುಕುವುದನ್ನು ತೆಗೆದು ಅರಿಶಿನ ಕುಂಕುಮ ಹಾಕಿದೆ. ಹೆಸರು ಮಾತ್ರ ಕೊಡಲಿಲ್ಲ, ಎದುರುಮನೆಯವರ ಜೊತೆ ಇನ್ನೂ ಬಾಳಬೇಕಲ್ಲ. ಸೋಮವಾರ ಇವರು ಅದನ್ನು ಆ ಹುಡುಗಿಯ ಶಾಲೆಗೇ ಹೋಗಿ ಕೊಟ್ಟು ಬಂದರು. ಗುರುವಾರ ಹಾಳೆ ವಾಪಸು ಬಂತು. ಕೆಳಗೆ ನಾಲ್ಕು ಸಾಲಿನಲ್ಲಿ ಉತ್ತರ, ಅದು ನನ್ನದೇ ಉತ್ತರ. ಅದರ ಕೆಳಗೆ ಇನ್ನೊಂದು ಸಾಲು: "ಸಾರ್, ಇಂಥದ್ದು ಇನ್ನೂ ಇದೆಯಾ?" ಇವರು ಅದನ್ನು ಮೂರು ಸಲ ಓದಿ, ಯಾರಿಗೂ ಸಿಗದ ಹಾಗೆ ತುಕ್ಕಿನ ಡಬ್ಬಿಯಲ್ಲಿಟ್ಟರು. ಮುಂದಿನ ವರ್ಷದ ಪೇಪರನ್ನೂ ಇವರೇ ತೆಗೆದರು.

ಅಂದಿನಿಂದ ನಾನೊಂದು ನೇಮ ಮಾಡಿಕೊಂಡಿದ್ದೇನೆ. ಗೊತ್ತಿರುವುದನ್ನು ಗೊತ್ತಿಲ್ಲ ಎಂದು ಯಾರ ಮುಂದೆಯೂ ಹೇಳುವುದಿಲ್ಲ. ಚೆನ್ನಮ್ಮನಿಗೂ ಇದನ್ನೇ ಉಪದೇಶ ಮಾಡಿದೆ, ಅವಳು ನಕ್ಕು ಒಂದು ಹಿಡಿ ಕಾಯಿ ಹೆಚ್ಚಿಗೆ ಹಾಕಿ ಹೋದಳು. ನೇಮ ಎನ್ನುವುದು ಬೆಳೆಯುತ್ತಾ ಹೋಗುವ ವಸ್ತು. ಈಚೆಗೆ ಅದು ಗೊತ್ತಿಲ್ಲದ್ದನ್ನೂ ಗೊತ್ತು ಎನ್ನುವವರೆಗೆ ಬೆಳೆದಿದೆ. ಈ ದಿನ ಬೆಳಿಗ್ಗೆ ಇವರು ಸೋರುತ್ತಿದ್ದ ಬಚ್ಚಲ ನಲ್ಲಿಯ ಮುಂದೆ ನಿಂತು, ಇದರ ವಾಷರ್ ಬದಲಾಯಿಸುವುದು ನಿನಗೆ ಗೊತ್ತಾ ಎಂದು ಕೇಳಿದರು. ಗೊತ್ತು ಎಂದೆ. ಸ್ಪ್ಯಾನರ್ ನನ್ನ ಕೈಗೆ ಕೊಟ್ಟು, ಸೈಕಲ್ ಹತ್ತಿ ನೆಮ್ಮದಿಯಾಗಿ ಶಾಲೆಗೆ ಹೋದರು. ಇದನ್ನು ನಾನು ಒದ್ದೆ ಸೀರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಎರಡು ಬಿಂದಿಗೆ ಈಗಾಗಲೇ ತುಂಬಿವೆ.